ಹೆಣ್ಣು ಮಕ್ಕಳೂ ವೈದ್ಯವಿದ್ಯೆಯ ಶಾಖೆಗಳೂ

ನಮ್ಮ ಶಾಲೆಯ ಮೇಲ್ತರಗತಿಗಳ ಹುಡುಗಿಯರನ್ನು, ಮುಂದೆ ಏನಾಗಬೇಕೆಂದಿದ್ದೀರಿ ಎಂದು ಕೇಳಿದರೆ, ಅವರಲ್ಲಿ ಅನೇಕರು ಡಾಕ್ಟರಾಗಬೇಕೆಂದು ಹೇಳುತ್ತಾರೆ. ಇದು ಸಂತೋಷಪಡತಕ್ಕ ವಿಷಯವೇ ಸರಿ. ಹೆಣ್ಣು ಮಗಳಿಗೆ ಕಾಗದ ಓದುವಷ್ಟು ಅಕ್ಷರಜ್ಞಾನವಿದ್ದರೆ ಸಾಕೆಂದು ನಮ್ಮ ಮುತ್ತಜ್ಜಿಯರ ಕಾಲದವರು ತಿಳಿದಿದ್ದ ನಾಡಿನಲ್ಲಿ, ಇಂದು ತಂದೆಯೇ ಮಗಳನ್ನು ಕೈಹಿಡಿದು ಕರೆತಂದು, ಇವಳನ್ನು ವಿಜ್ಞಾನಕ್ಕೆ ಸೇರಿಸಬೇಕು, ಇವಳು ಡಾಕ್ಟರಾಗಬೇಕು ಎಂದು ಹೇಳುವುದನ್ನು ಕಾಣುವುದು ನಮ್ಮ ಭಾಗ್ಯವೆಂದೇ ಎಣಿಸುತ್ತೇನೆ. ಆದರೆ ಆ ತಂದೆತಾಯಿಗಳೊಡನೆ ಇನ್ನೂ ಸ್ವಲ್ಪ ಹೊತ್ತು ಮಾತನಾಡಿದರೆ ಮತ್ತೊಂದು ಮಾತು ಹೊರಬೀಳುತ್ತದೆ. “ಹೆರಿಗೆಯ ಡಾಕ್ಟರಾಗಲಿ, ಇಲ್ಲವೇ ಮಕ್ಕಳ ಡಾಕ್ಟರಾಗಲಿ, ಹೆಣ್ಣಿಗೆ ಅದೇ ಒಪ್ಪುವುದು” ಎಂಬುದೇ ಆ ಮಾತು. ಹುಡುಗಿಯು ಇನ್ನೂ ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಕಂಡಿರುವುದಿಲ್ಲ. ವೈದ್ಯಶಾಲೆಯ ಹೊಸ್ತಿಲನ್ನಂತೂ ಕನಸಿನಲ್ಲಿ ಮಾತ್ರ ಕಂಡಿರುತ್ತಾಳೆ. ಅಷ್ಟರೊಳಗೇ ಆಕೆ ಯಾವ ಕೋಣೆಯಲ್ಲಿ ಕುಳಿತುಕೊಳ್ಳತಕ್ಕವಳೆಂಬುದನ್ನು ಹಿರಿಯರು ನಿಶ್ಚಯಿಸಿಬಿಟ್ಟಿರುತ್ತಾರೆ.

ಈ ನಿಶ್ಚಯವು ಸರಿಯಲ್ಲವೆಂದೂ, ಇದರಿಂದ ನಮ್ಮ ಹೆಣ್ಣು ಮಕ್ಕಳಿಗೆ ಮಾತ್ರವಲ್ಲದೆ ರೋಗಿಗಳಿಗೂ ನಷ್ಟವುಂಟೆಂದೂ ತೋರಿಸುವುದಕ್ಕಾಗಿ ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ನಾನು ಬಳಸಿಕೊಳ್ಳುತ್ತಿದ್ದೇನೆ. ವಾಚಕರು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ.

ಮೊದಲು, ವೈದ್ಯಶಾಲೆಯೊಡನೆ ಕೂಡಿದ ದೊಡ್ಡ ಆಸ್ಪತ್ರೆಯೆಂದರೆ ಏನೆಂಬುದನ್ನು ತಿಳಿಯುವುದು ಒಳ್ಳೆಯದು. ನಮ್ಮ ಬೀದಿಯ ಚಿಕಿತ್ಸಾಲಯದಲ್ಲಿ ಒಬ್ಬ ಡಾಕ್ಟರು ನಾಡಿ ನೋಡಿ, ಚೀಟಿ ಬರೆದು, ಔಷಧ ಕೊಟ್ಟು ಕಳುಹಿಸುತ್ತಾರೆ. ಬೋಧಕ ಆಸ್ಪತ್ರೆಯ ರೀತಿ ಬೇರೆ. ಅಲ್ಲಿಯ ವೈದ್ಯರಿಗೆ ಮೂರು ಹೊರೆಗಳಿವೆ: ರೋಗಿಗೆ ಚಿಕಿತ್ಸೆ ಮಾಡುವುದು, ವಿದ್ಯಾರ್ಥಿಗಳಿಗೆ ಕಲಿಸುವುದು, ಇನ್ನೂ ತಿಳಿಯದಿರುವುದನ್ನು ಶೋಧಿಸುವುದು. ಒಂದೇ ರೋಗಿಯ ಹಿಂದೆ ಹತ್ತಾರು ಮಂದಿಯ ಕೈಯಿರುತ್ತದೆ. ಹೊಟ್ಟೆಯಲ್ಲಿ ಗಡ್ಡೆಯೆಂದು ಬಂದ ಹೆಂಗಸನ್ನು ನೋಡುವವರು ಒಬ್ಬರು. ಒಳಗಿನ ಚಿತ್ರವನ್ನು ತೆಗೆದು ಓದುವವರು ಇನ್ನೊಬ್ಬರು. ಅರಿವಳಿಕೆ ಕೊಟ್ಟು, ಶಸ್ತ್ರಚಿಕಿತ್ಸೆ ಮುಗಿಯುವವರೆಗೂ ಆಕೆಯ ಉಸಿರನ್ನೂ ರಕ್ತದೊತ್ತಡವನ್ನೂ ಕಾಯುವವರು ಮತ್ತೊಬ್ಬರು. ತೆಗೆದ ಗಡ್ಡೆಯನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟು, ಇದು ಕ್ಯಾನ್ಸರೋ ಅಲ್ಲವೋ ಎಂದು ತೀರ್ಪು ಹೇಳುವವರು ಬೇರೊಬ್ಬರು. ರೋಗಿಯೂ ಆಕೆಯ ಬಂಧುಗಳೂ ಕೈಮುಗಿಯುವುದು ಶಸ್ತ್ರವೈದ್ಯರೊಬ್ಬರಿಗೇ. ಪ್ಯಾಥಾಲಜಿಯ ಕೋಣೆಯಲ್ಲಿ ಕುಳಿತವರ ಮುಖವನ್ನು ಅವರು ಕಾಣುವುದೂ ಇಲ್ಲ. ಆದರೆ ಆ ಒಂದು ಗಾಜಿನ ಪಟ್ಟಿಯನ್ನು ಓದುವುದರಲ್ಲಿ ತಪ್ಪಾದರೆ ಶಸ್ತ್ರವೈದ್ಯರ ಕೌಶಲವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಈ ಮಾತಿಗೆ ದೃಷ್ಟಾಂತವಾಗಿ ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜನ್ನು ತೆಗೆದುಕೊಳ್ಳುತ್ತೇನೆ. ಬೆಂಗಳೂರು ಕೋಲಾರಗಳ ಕಡೆಯ ಎಷ್ಟೋ ಮನೆಗಳವರಿಗೆ ಆ ಊರಿನ ಹೆಸರು, ಕಷ್ಟಕಾಲದಲ್ಲಿ ರೈಲು ಹತ್ತಿ ಹೋದ ಆಸ್ಪತ್ರೆಯ ಹೆಸರಾಗಿಯೇ ಪರಿಚಿತವಾಗಿದೆ. ಅದನ್ನು ಸ್ಥಾಪಿಸಿದ ಐಡಾ ಸ್ಕಡರ್ ಅವರು 1870ರಲ್ಲಿ ವೆಲ್ಲೂರಿನ ಬಳಿಯ ರಾಣಿಪೇಟೆಯಲ್ಲಿ, ಮಿಷನರಿ ವೈದ್ಯರ ಮನೆತನದಲ್ಲಿ ಹುಟ್ಟಿದವರು. ಯೌವನದಲ್ಲಿ ಅವರಿಗೆ ವೈದ್ಯರಾಗುವ ಮನಸ್ಸೇ ಇರಲಿಲ್ಲ. ಒಂದು ರಾತ್ರಿ ಬೇರೆ ಬೇರೆ ಮತಗಳ ಮೂವರು ಗಂಡಂದಿರು ಒಬ್ಬರ ಹಿಂದೊಬ್ಬರಂತೆ ಬಂದು, ಹೆರಿಗೆಯ ಸಂಕಟದಲ್ಲಿರುವ ಹೆಂಡತಿಯನ್ನು ಉಳಿಸಬೇಕೆಂದು ಈ ಹುಡುಗಿಯನ್ನು ಬೇಡಿಕೊಂಡರು. ತಂದೆಯವರು ವೈದ್ಯರಾಗಿದ್ದರೂ, ಪರಪುರುಷನು ತಮ್ಮ ಹೆಂಗಸರನ್ನು ನೋಡಕೂಡದೆಂದು ಹೇಳಿ ಹೊರಟುಹೋದರು. ಬೆಳಗಾಗುವುದರೊಳಗೆ ಆ ಮೂವರು ಹೆಂಗಸರೂ ತೀರಿಕೊಂಡಿದ್ದರು. ಐಡಾ ಅವರು ಅಮೆರಿಕಕ್ಕೆ ಹೋಗಿ ವೈದ್ಯವಿದ್ಯೆಯನ್ನು ಕಲಿತು, 1899ರಲ್ಲಿ ಪದವಿ ಪಡೆದು ಮರಳಿದರು. 1900ರಲ್ಲಿ ಒಂದೇ ಮಂಚದಿಂದ ಆರಂಭವಾದ ಅವರ ಚಿಕಿತ್ಸಾಲಯವು, 1902ರಲ್ಲಿ ಸ್ತ್ರೀಯರ ಆಸ್ಪತ್ರೆಯಾಯಿತು. 1909ರಲ್ಲಿ ದಾದಿಯರ ಶಾಲೆಯೂ, 1918ರಲ್ಲಿ ಸ್ತ್ರೀಯರಿಗಾಗಿಯೇ ವೈದ್ಯಶಾಲೆಯೂ ಅದರೊಡನೆ ಸೇರಿದವು.

ಹೆರಿಗೆಯ ವೈದ್ಯವು ಹೆಣ್ಣಿಗೆ ತಕ್ಕದ್ದೆಂದು ಹೇಳುವವರಿಗೆ ಈ ಕಥೆಯು ಬೆಂಬಲವಾಗಿಯೇ ತೋರಬಹುದು. ನಾನೂ ಅದನ್ನು ಅಲ್ಲಗಳೆಯುವುದಿಲ್ಲ. ಪ್ರಸೂತಿವಿದ್ಯೆಯು ಮಹತ್ತಾದದ್ದು. ವಿಶಾಖಪಟ್ಟಣದಲ್ಲಿ 1890ರಲ್ಲಿ ಹುಟ್ಟಿದ ಡಾ. ಹಿಲ್ಡಾ ಲಾಜರಸ್ ಅವರು ಆ ಶಾಖೆಯಲ್ಲಿಯೇ ಕೀರ್ತಿ ಪಡೆದು, ಸರಕಾರದ ಸ್ತ್ರೀವೈದ್ಯ ಸೇವೆಯ ಮುಖ್ಯಸ್ಥೆಯಾಗಿ, ಅನಂತರ ವೆಲ್ಲೂರಿನ ಮೊದಲ ಭಾರತೀಯ ನಿರ್ದೇಶಕಿಯಾಗಿ 1954ರವರೆಗೆ ಆ ಸಂಸ್ಥೆಯನ್ನು ನಡೆಸಿದರು. ಇಂಥ ಸ್ತ್ರೀಯರು ಇಂದಿಗೂ ಬೇಕು. ಆದರೆ ವೆಲ್ಲೂರಿನ ಚರಿತ್ರೆಯಲ್ಲಿ ನಾವು ಮರೆಯುವ ಇನ್ನೊಂದು ಅಂಶವಿದೆ. ಸ್ತ್ರೀಯರದೇ ಆಗಿದ್ದ ಆ ಆಸ್ಪತ್ರೆಯಲ್ಲಿ ಗಂಡಸರ ಶಾಖೆ, ಹೆಂಗಸರ ಶಾಖೆ ಎಂಬ ಭೇದಕ್ಕೆ ಎಡೆಯೇ ಇರಲಿಲ್ಲ. ಐಡಾ ಸ್ಕಡರ್ ಅವರು ಹೆರಿಗೆಯನ್ನೂ ಮಾಡಿಸಿದರು, ಶಸ್ತ್ರಚಿಕಿತ್ಸೆಯನ್ನೂ ಮಾಡಿದರು, ಪಾಠವನ್ನೂ ಹೇಳಿದರು, ಹಳ್ಳಿಯ ರಸ್ತೆಯ ಬದಿಯಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿ ಹುಣ್ಣುಗಳನ್ನೂ ತೊಳೆದರು. ಅವರ ಸೋದರನ ಮಗಳಾದ ಮತ್ತೊಬ್ಬ ಐಡಾ ಸ್ಕಡರ್ ಅವರು ಕ್ಷ-ಕಿರಣದ ಶಾಖೆಯನ್ನು ಆರಿಸಿಕೊಂಡು, ಕ್ಯಾನ್ಸರಿಗೆ ಕಿರಣಚಿಕಿತ್ಸೆ ಮಾಡುವ ವಿಭಾಗವನ್ನು ಅಲ್ಲಿ ಬೆಳೆಸಿದರು. ವೈದ್ಯಶಾಲೆಯು 1942ರಲ್ಲಿ ಎಂ.ಬಿ.ಬಿ.ಎಸ್. ಪದವಿಯ ಕಾಲೇಜಾದಾಗ ಮೊದಲಿಗೆ ಸೇರಿದವರು ಹೆಣ್ಣು ಮಕ್ಕಳೇ. ಗಂಡು ವಿದ್ಯಾರ್ಥಿಗಳಿಗೆ ಬಾಗಿಲು ತೆರೆದದ್ದು 1947ರಲ್ಲಿ. ನಾವು ಇಂದು ಕಟ್ಟುವ ಬೇಲಿಯು ಅಂದು ಅಲ್ಲಿ ಇರಲಿಲ್ಲವೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಶಾಖೆಯೆಂಬುದು ಹೇಗೆ ಒದಗಿಬರುತ್ತದೆಂಬುದಕ್ಕೆ ಡಾ. ಮಾರ್ಗರೆಟ್ ಬ್ರಾಂಡ್ ಅವರ ಜೀವನವನ್ನು ನೋಡಿ. ಅವರ ಪತಿಯಾದ ಡಾ. ಪಾಲ್ ಬ್ರಾಂಡ್ ಅವರು 1946ರಲ್ಲಿ ವೆಲ್ಲೂರಿಗೆ ಬಂದು, ಕುಷ್ಠರೋಗದಿಂದ ಮಡಿಚಿಹೋದ ಬೆರಳುಗಳನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸುವ ವಿಧಾನವನ್ನು ರೂಪಿಸಿದರು. ಬಲವುಳಿದ ಒಂದು ಸ್ನಾಯುವಿನ ರಜ್ಜುವನ್ನು ಬೇರೆ ಕಡೆಗೆ ಕೂಡಿಸಿದರೆ ಸತ್ತಂತಿದ್ದ ಬೆರಳು ಮತ್ತೆ ಚಲಿಸುವುದೆಂದೂ, ಬೆರಳುಗಳು ಸವೆದುಹೋಗುವುದಕ್ಕೆ ಮುಖ್ಯ ಕಾರಣ ನೋವೇ ತಿಳಿಯದೆ ಆಗುವ ಗಾಯಗಳೆಂದೂ ಅವರು ತೋರಿಸಿಕೊಟ್ಟರು. ಅವರ ಕೀರ್ತಿಯನ್ನು ಲೋಕವೆಲ್ಲ ಬಲ್ಲದು. ಮಾರ್ಗರೆಟ್ ಅವರಾದರೋ ಕಣ್ಣಿನ ವೈದ್ಯದಲ್ಲಿ ವಿಶೇಷ ಶಿಕ್ಷಣ ಪಡೆದು ಬಂದವರಲ್ಲ. ಆಸ್ಪತ್ರೆಯ ಕಣ್ಣಿನ ವಿಭಾಗಕ್ಕೆ ಜನ ಬೇಕಾಗಿತ್ತು. ಅವರನ್ನು ಅಲ್ಲಿಗೆ ಹಾಕಿದರು. ಅವರು ಕೆಲಸ ಮಾಡುತ್ತಲೇ ಕಲಿತರು. ಕುಷ್ಠರೋಗದಲ್ಲಿ ನರಗಳು ಕೆಟ್ಟು ರೆಪ್ಪೆ ಮುಚ್ಚದೆ ಹೋಗುತ್ತದೆ. ಕಣ್ಣಿನ ಮೇಲ್ಪೊರೆಯು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತದೆ. ಧೂಳು ಬಿದ್ದರೂ ರೋಗಿಗೆ ತಿಳಿಯುವುದಿಲ್ಲ. ಹುಣ್ಣಾಗಿ ದೃಷ್ಟಿಯೇ ಹೋಗುತ್ತದೆ. ಕೈಗಳಲ್ಲಿ ಸ್ಪರ್ಶವಿಲ್ಲದವನಿಗೆ ಕಣ್ಣೂ ಹೋದರೆ ಉಳಿಯುವುದೇನು? ಈ ಕುರುಡನ್ನು ತಡೆಯಬಹುದೆಂದು ಕಂಡುಕೊಂಡು, ಅದರಲ್ಲಿಯೇ ತಮ್ಮ ವೃತ್ತಿಜೀವನವನ್ನು ಸವೆಸಿ, ಆ ವಿಷಯದಲ್ಲಿ ಪ್ರಮಾಣವೆಂದು ಎಣಿಸಲ್ಪಡುವ ವೈದ್ಯೆಯಾದರು ಮಾರ್ಗರೆಟ್. ಆರು ಮಕ್ಕಳ ತಾಯಿಯಾದ ಅವರು ಹದಿನಾರನೆಯ ವಯಸ್ಸಿನಲ್ಲಿ ಈ ಶಾಖೆಯನ್ನು ಆರಿಸಿಕೊಂಡಿರಲಿಲ್ಲ. ಆರಿಸಿಕೊಳ್ಳುವುದಕ್ಕೆ ಆಗ ಅಂಥ ಶಾಖೆಯೇ ಇರಲಿಲ್ಲ.

ಇನ್ನೊಬ್ಬರು ಡಾ. ಮೇರಿ ವರ್ಗೀಸ್. ಕೇರಳದವರಾದ ಇವರು ವೆಲ್ಲೂರಿನಲ್ಲಿಯೇ ಓದಿ ವೈದ್ಯೆಯಾದರು. 1954ರಲ್ಲಿ ಮೋಟಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗಿನ ದೇಹವು ಶಕ್ತಿಗುಂದಿತು. ನಮ್ಮ ಲೋಕರೂಢಿಯಲ್ಲಿ ಹೇಳುವುದಾದರೆ ಅಲ್ಲಿಗೆ ಅವರ ಓದೂ ಮುಗಿಯಿತು, ಬಾಳೂ ಮುಗಿಯಿತು. ಆದರೆ ಪಾಲ್ ಬ್ರಾಂಡ್ ಅವರ ಪ್ರೋತ್ಸಾಹದಿಂದ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಕಲಿತರು. ಮುಂದೆ ಆಸ್ಟ್ರೇಲಿಯದಲ್ಲಿಯೂ ನ್ಯೂಯಾರ್ಕಿನಲ್ಲಿಯೂ ತರಬೇತಿ ಪಡೆದು, ಅಂಗಶಕ್ತಿ ಕಳೆದುಕೊಂಡವರನ್ನು ಮತ್ತೆ ಬದುಕಿಗೆ ಅಣಿಗೊಳಿಸುವ ಪುನರ್ವಸತಿ ವೈದ್ಯದಲ್ಲಿ ಪರಿಣತರಾಗಿ ಬಂದರು. ಅವರ ಮುಂದಾಳುತನದಲ್ಲಿ 1966ರಲ್ಲಿ ವೆಲ್ಲೂರಿನ ಪುನರ್ವಸತಿ ಕೇಂದ್ರವು ತೆರೆಯಿತು. 1972ರಲ್ಲಿ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಈ ಶಾಖೆಯಲ್ಲಿ ರೋಗವು ವಾಸಿಯಾಯಿತೆಂದು ಹೇಳುವ ದಿನವೇ ಬಾರದಿರಬಹುದು. ತಾನೇ ಹಾಸಿಗೆಯಿಂದ ಕುರ್ಚಿಗೆ ದಾಟಿಕೊಳ್ಳುವುದು, ತಾನೇ ಬಟ್ಟೆ ತೊಟ್ಟುಕೊಳ್ಳುವುದು, ಒಂದು ಕೈಕೆಲಸದಿಂದ ಅನ್ನ ಸಂಪಾದಿಸುವುದು, ಇವೇ ಇಲ್ಲಿಯ ಜಯಗಳು. ಇಂಥದೊಂದು ಶಾಖೆಯಿದೆಯೆಂದು ನಮ್ಮ ಹುಡುಗಿಯರಲ್ಲಿ ಎಷ್ಟು ಮಂದಿ ಕೇಳಿರಬಹುದು?

ರೋಗಿಯ ಮುಖವನ್ನೇ ಕಾಣದೆ ಪ್ರಯೋಗಶಾಲೆಯಲ್ಲಿ ಕುಳಿತುಕೊಳ್ಳುವುದು ಯಾವ ವೈದ್ಯ ಎಂದು ಕೇಳುವವರುಂಟು. ಅವರಿಗೆ 1986ರ ಒಂದು ಸಂಗತಿಯನ್ನು ಹೇಳಬೇಕು. ಆಗ ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಡಾ. ಸುನೀತಿ ಸೊಲೊಮನ್ ಎಂಬವರು ಸೂಕ್ಷ್ಮಜೀವಿಶಾಸ್ತ್ರದ ಅಧ್ಯಾಪಕಿಯಾಗಿದ್ದರು. ಏಡ್ಸ್ ಎಂಬ ಹೊಸ ರೋಗವು ಪರದೇಶಗಳದ್ದು, ನಮ್ಮಲ್ಲಿಗೆ ಬಾರದೆಂದು ಆಗ ಬಹಳ ಜನರು ನಂಬಿದ್ದರು. ಸೊಲೊಮನ್ ಅವರು ತಮ್ಮ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರಿಗೆ, ಆ ರೋಗಾಣುವನ್ನು ನಮ್ಮಲ್ಲಿಯೇ ಹುಡುಕುವ ವಿಷಯವನ್ನು ಪ್ರಬಂಧಕ್ಕಾಗಿ ಕೊಟ್ಟರು. ನಿರ್ಮಲಾ ಅವರು ಸಂಪ್ರದಾಯಸ್ಥ ಮನೆಯವರು, ಇಬ್ಬರು ಚಿಕ್ಕ ಮಕ್ಕಳ ತಾಯಿ. ಸಮಾಜವು ಮುಖ ತಿರುಗಿಸುವ ಬಡ ಹೆಂಗಸರ ಬಳಿಗೆ ಹೋಗಿ ಅವರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ಪತಿಯು ತಾನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಕರೆದೊಯ್ಯುತ್ತಿದ್ದರು. ಮದರಾಸಿನಲ್ಲಿ ಪರೀಕ್ಷೆಯ ಅನುಕೂಲವಿಲ್ಲದ್ದರಿಂದ ಮಾದರಿಗಳನ್ನು ರಾತ್ರಿಯ ರೈಲಿನಲ್ಲಿ ವೆಲ್ಲೂರಿಗೆ ಒಯ್ದು ಪರೀಕ್ಷಿಸಿದರು. ಆರು ಮಾದರಿಗಳಲ್ಲಿ ರೋಗದ ಗುರುತು ಕಂಡಿತು. ಭಾರತದಲ್ಲಿ ಎಚ್.ಐ.ವಿ. ಇರುವುದು ಮೊಟ್ಟಮೊದಲು ಗೊತ್ತಾದದ್ದು ಹೀಗೆ. ಒಬ್ಬ ಅಧ್ಯಾಪಕಿ, ಒಬ್ಬ ವಿದ್ಯಾರ್ಥಿನಿ, ಒಂದು ಪ್ರಬಂಧ, ಒಂದು ಪ್ರಯೋಗಶಾಲೆ. ದೇಶವು ಎಚ್ಚೆತ್ತುಕೊಳ್ಳುವುದಕ್ಕೆ ಅಷ್ಟೇ ಸಾಕಾಯಿತು.

ಅದೇ ಸೂಕ್ಷ್ಮಜೀವಿಶಾಸ್ತ್ರವನ್ನು ವೆಲ್ಲೂರಿನಲ್ಲಿ ಓದಿ, ಅಲ್ಲಿಯೇ ಬಹು ವರ್ಷ ಅಧ್ಯಾಪಕಿಯಾಗಿದ್ದವರು ಡಾ. ಗಗನ್‌ದೀಪ್ ಕಾಂಗ್. ಎಳೆಯ ಮಕ್ಕಳಿಗೆ ಭೇದಿಯನ್ನುಂಟುಮಾಡುವ ರೋಟಾವೈರಸ್ ಎಂಬ ರೋಗಾಣುವೇ ಅವರ ಶೋಧನೆಯ ವಿಷಯವಾಯಿತು. ಭಾರತದಲ್ಲಿಯೇ ತಯಾರಾದ ಅದರ ಲಸಿಕೆಯನ್ನು ಪರೀಕ್ಷಿಸಿದ ಮೂರು ಸ್ಥಳಗಳಲ್ಲಿ ವೆಲ್ಲೂರೂ ಒಂದು. 2016ರಿಂದ ಆ ರೋಗದ ಲಸಿಕೆಯು ಸರಕಾರದ ಕಾರ್ಯಕ್ರಮದಲ್ಲಿ ಸೇರಿ ನಮ್ಮ ಕೂಸುಗಳಿಗೂ ದೊರೆಯುವಂತಾಯಿತು. 2019ರಲ್ಲಿ ಕಾಂಗ್ ಅವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಚುನಾಯಿತರಾದರು. ಭಾರತದಲ್ಲಿದ್ದು ಕೆಲಸ ಮಾಡಿದ ಸ್ತ್ರೀಯರಲ್ಲಿ ಈ ಗೌರವವು ಮೊದಲು ದೊರೆತದ್ದು ಅವರಿಗೆ. ಹೆಣ್ಣಿಗೆ ಮಕ್ಕಳ ವೈದ್ಯವೇ ತಕ್ಕದ್ದೆನ್ನುವ ತಂದೆತಾಯಿಗಳು ಇದನ್ನು ಯೋಚಿಸಬೇಕು. ಕೂಸಿನ ಮಂಚದ ಬಳಿಯಲ್ಲಿ ನಿಂತವರು ಮಾತ್ರವೇ ಕೂಸನ್ನು ಉಳಿಸುವವರಲ್ಲ.

ಇನ್ನು ಕಾಲದ ವಿಷಯ. ತಂದೆತಾಯಿಗಳ ನಿಜವಾದ ಭಯವು ಇಲ್ಲಿಯೇ ಇದೆಯೆಂದು ನಾನು ಬಲ್ಲೆ. ಅದನ್ನು ಹಗುರವಾಗಿ ಎಣಿಸುವುದಿಲ್ಲ. ಎಂ.ಬಿ.ಬಿ.ಎಸ್. ಓದಿಗೆ ನಾಲ್ಕೂವರೆ ವರ್ಷ, ಅದರ ಮೇಲೆ ಆಸ್ಪತ್ರೆಯ ತರಬೇತಿ ಒಂದು ವರ್ಷ, ಒಂದು ಶಾಖೆಯಲ್ಲಿ ಎಂ.ಡಿ. ಅಥವಾ ಎಂ.ಎಸ್. ಮಾಡುವುದಕ್ಕೆ ಮೂರು ವರ್ಷ, ಹೃದಯ, ಮೆದುಳು ಮುಂತಾದ ಒಳಶಾಖೆಗಳಿಗೆ ಹೋಗುವುದಾದರೆ ಇನ್ನೂ ಮೂರು ವರ್ಷ. ಎಲ್ಲವೂ ಅಡೆತಡೆಯಿಲ್ಲದೆ ನಡೆದರೂ ಹನ್ನೊಂದೂವರೆ ವರ್ಷ ಬೇಕು. ಹದಿನೆಂಟಕ್ಕೆ ಸೇರಿದ ಹುಡುಗಿಗೆ ಮುಗಿಯುವಾಗ ಮೂವತ್ತರ ಹತ್ತಿರ. ಅನಂತರ ಬೋಧಕ ಆಸ್ಪತ್ರೆಯಲ್ಲಿ ಉಳಿದರೆ ಸಹಾಯಕ ಪ್ರಾಧ್ಯಾಪಕಿಯಿಂದ ಪ್ರಾಧ್ಯಾಪಕಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಖಾಸಗಿ ಚಿಕಿತ್ಸಾಲಯದ ಸಂಪಾದನೆಯು ಅಲ್ಲಿ ಎಲ್ಲರಿಗೂ ಸಿಕ್ಕುವುದಿಲ್ಲ. ಈ ಲೆಕ್ಕವನ್ನು ನೋಡಿ ತಂದೆಯು, “ಇಷ್ಟು ಸಾಕು, ಮದುವೆಯಾಗಲಿ, ಮನೆಯ ಮುಂದೆ ಒಂದು ಚಿಕಿತ್ಸಾಲಯ ಇಟ್ಟುಕೊಳ್ಳಲಿ” ಎಂದರೆ ಅದು ಕ್ರೂರತನವಲ್ಲ, ಕಾಳಜಿಯೇ.

ಆದರೂ ಆ ಕಾಳಜಿಯು ಎಲ್ಲಿ ತಪ್ಪುತ್ತದೆಂಬುದನ್ನು ಹೇಳುತ್ತೇನೆ. ಮಗನು ಮೂವತ್ತರವರೆಗೆ ಓದಿದರೆ ಅದನ್ನು ಭವಿಷ್ಯಕ್ಕೆ ಹಾಕಿದ ಬಂಡವಾಳವೆನ್ನುತ್ತೇವೆ. ಮಗಳು ಓದಿದರೆ ಕಾಲಹರಣವೆನ್ನುತ್ತೇವೆ. ಮದುವೆಯು ಓದಿಗೆ ವಿರೋಧವೆಂದು ನಾನು ಹೇಳುವುದಿಲ್ಲ. ಮೇಲೆ ಹೇಳಿದ ನಿರ್ಮಲಾ ಅವರೂ ಮಾರ್ಗರೆಟ್ ಅವರೂ ಗೃಹಿಣಿಯರೇ ಆಗಿದ್ದರು. ಅವರ ಕೆಲಸವು ನಡೆದದ್ದು ಮನೆಯವರ ಬೆಂಬಲದಿಂದ. ಆದುದರಿಂದ ವರನನ್ನು ಹುಡುಕುವಾಗ ಜಾತಕ, ಸಂಬಳ, ಮನೆತನಗಳನ್ನು ವಿಚಾರಿಸುವ ನಾವು, ಮಗಳ ಓದನ್ನು ಮುಗಿಸಲು ಬಿಡುವಿರಾ, ರಾತ್ರಿಯ ಪಾಳಿಗೆ ಹೋಗಬೇಕಾದರೆ ಮಗುವನ್ನು ನೋಡಿಕೊಳ್ಳುವಿರಾ ಎಂದು ಏತಕ್ಕೆ ವಿಚಾರಿಸಬಾರದು? ಈ ಪ್ರಶ್ನೆಗೆ ಮುಖ ಗಂಟಿಕ್ಕುವ ಸಂಬಂಧವು ತಪ್ಪಿಹೋದರೆ ನಷ್ಟವೇನೂ ಇಲ್ಲ.

ಇನ್ನೊಂದು ಆಕ್ಷೇಪಣೆಯುಂಟು. ಶಸ್ತ್ರವೈದ್ಯ, ಎಲುಬಿನ ವೈದ್ಯ, ನರಗಳ ಶಸ್ತ್ರಚಿಕಿತ್ಸೆ ಮುಂತಾದವುಗಳಿಗೆ ಹೆಣ್ಣಿನ ದೇಹಬಲ ಸಾಲದೆಂಬುದು. ವೆಲ್ಲೂರಿನಲ್ಲಿ ಡಾ. ಜೇಕಬ್ ಚಾಂಡಿ ಅವರು 1949ರಲ್ಲಿ ಮೆದುಳು ಮತ್ತು ನರಗಳ ಶಸ್ತ್ರಚಿಕಿತ್ಸೆಯ ವಿಭಾಗವನ್ನು ಆರಂಭಿಸಿದಾಗ ಭಾರತದಲ್ಲಿ ಅಂಥ ವಿಭಾಗವೇ ಬೇರೆಲ್ಲಿಯೂ ಇರಲಿಲ್ಲ. ಇದು ಯಾರಿಗೂ ಆಗದ ಕೆಲಸವೆಂದು ಅಂದಿನವರು ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಇಂದು ಅದು ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ಶಸ್ತ್ರಚಿಕಿತ್ಸೆಗೆ ಬೇಕಾದದ್ದು ತೋಳ್ಬಲಕ್ಕಿಂತ ಹೆಚ್ಚಾಗಿ ಸ್ಥಿರವಾದ ಕೈ, ದೀರ್ಘವಾದ ತಾಳ್ಮೆ, ನಿದ್ರೆಗೆಟ್ಟರೂ ಕೆಡದ ಬುದ್ಧಿ. ಗಾಲಿಕುರ್ಚಿಯಲ್ಲಿ ಕುಳಿತು ಶಸ್ತ್ರವನ್ನು ಹಿಡಿದ ಮೇರಿ ವರ್ಗೀಸ್ ಅವರ ಮುಂದೆ ದೇಹಬಲದ ವಾದವು ನಿಲ್ಲುವುದೇ?

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಕೊರತೆಯಿಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಆಮೇಲೆ ಮೈಸೂರಿಗೆ ಹೋದ ಮೈಸೂರು ಮೆಡಿಕಲ್ ಕಾಲೇಜು, 1953ರಲ್ಲಿ ಸ್ಥಾಪಿತವಾದ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು, 1963ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜು, ಮನಸ್ಸು ಮತ್ತು ನರಗಳ ರೋಗಗಳಿಗೆ ದೇಶದಲ್ಲಿಯೇ ಹೆಸರಾದ ನಿಮ್ಹಾನ್ಸ್, ಇವೆಲ್ಲ ನಮ್ಮ ಮಕ್ಕಳಿಗೆ ದೂರವಲ್ಲ. ಪ್ರವೇಶಪರೀಕ್ಷೆಯು ಕಠಿನವಾದದ್ದು, ಬಯಸಿದವರಿಗೆಲ್ಲ ಸ್ಥಳ ದೊರೆಯುವುದಿಲ್ಲ. ದೊರೆತ ಒಂದು ಸ್ಥಳವನ್ನಾದರೂ ಪೂರ್ತಿಯಾಗಿ ಸಫಲಗೊಳಿಸಬೇಕೆಂಬುದೇ ನನ್ನ ಮಾತಿನ ತಾತ್ಪರ್ಯ. ಸಾವಿರಾರು ಮಂದಿಯನ್ನು ದಾಟಿ ಒಳಗೆ ಹೋದ ಬುದ್ಧಿವಂತೆಯೊಬ್ಬಳನ್ನು, ಆಕೆಯ ಒಲವನ್ನು ಕೇಳದೆ ಒಂದು ಮೂಲೆಯಲ್ಲಿ ಕೂರಿಸುವುದು ದೀಪವನ್ನು ಹಚ್ಚಿ ಕೊಳಗದಡಿಯಲ್ಲಿ ಇಟ್ಟಂತೆ.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹಗಳು ಇವು. ಮಗಳು ವೈದ್ಯಶಾಲೆಗೆ ಸೇರುವ ಮೊದಲೇ ಶಾಖೆಯನ್ನು ನಿಶ್ಚಯಿಸಬೇಡಿರಿ. ತರಬೇತಿಯ ವರ್ಷದಲ್ಲಿ ಆಕೆ ವಿಭಾಗದಿಂದ ವಿಭಾಗಕ್ಕೆ ತಿರುಗಿ ಕೆಲಸ ಮಾಡುತ್ತಾಳೆ. ತನ್ನ ಕೈ ಎಲ್ಲಿ ನಡೆಯುತ್ತದೆ, ಮನಸ್ಸು ಎಲ್ಲಿ ನಿಲ್ಲುತ್ತದೆ ಎಂಬುದು ಆಗ ಆಕೆಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ತಾಳಿರಿ. ಆಕೆ ಪ್ರಸೂತಿಯನ್ನೇ ಆರಿಸಿಕೊಂಡರೆ ಹರಸಿರಿ. ಅರಿವಳಿಕೆಯನ್ನೋ ಪ್ಯಾಥಾಲಜಿಯನ್ನೋ ಆರಿಸಿಕೊಂಡರೆ, “ಅದೇನು ಡಾಕ್ಟರ ಕೆಲಸವೇ” ಎಂದು ಹೀಗಳೆಯಬೇಡಿರಿ. ಓದು ಅರ್ಧಕ್ಕೆ ನಿಲ್ಲುವಂತೆ ಮದುವೆಯ ದಿನವನ್ನು ಗೊತ್ತುಮಾಡಬೇಡಿರಿ.

ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿಯೂ ಒಂದು ಬೇಡಿಕೆಯಿದೆ. ನಿಮ್ಮಲ್ಲಿ ವೈದ್ಯೆಯರಾಗಿರುವವರು ಈ ಶಾಲೆಯ ಬೆಂಚುಗಳ ಮೇಲೆಯೇ ಕುಳಿತವರು. ಹುಡುಗಿಯರಿಗೆ ಅಧ್ಯಾಪಕಿಯರು ಹೇಳುವ ಹತ್ತು ಮಾತುಗಳಿಗಿಂತ ನಿಮ್ಮ ಒಂದು ಮಾತು ಹೆಚ್ಚು ನಾಟುತ್ತದೆ. ನೀವು ಯಾವ ಶಾಖೆಯಲ್ಲಿರುವಿರಿ, ಅದನ್ನು ಹೇಗೆ ಆರಿಸಿಕೊಂಡಿರಿ, ಬೆಳಗಿನಿಂದ ಸಂಜೆಯವರೆಗೆ ಮಾಡುವ ಕೆಲಸವೇನು, ಅದರಲ್ಲಿ ಕಷ್ಟವೇನು, ಮನೆಯನ್ನೂ ಆಸ್ಪತ್ರೆಯನ್ನೂ ಹೇಗೆ ತೂಗಿಸಿಕೊಂಡಿರಿ ಎಂಬುದನ್ನು ಎರಡು ಪುಟಗಳಷ್ಟು ಕನ್ನಡದಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಕಷ್ಟವನ್ನು ಮರೆಮಾಡದೆ ಬರೆಯಿರಿ. ಹುಡುಗಿಯರು ಅದನ್ನು ತಾಳಿಕೊಳ್ಳಬಲ್ಲರು. ಆ ಕಾಗದಗಳನ್ನೆಲ್ಲ ಒಂದು ಪುಸ್ತಕವಾಗಿ ಹೊಲಿಸಿ ಪುಸ್ತಕಾಲಯದ ಮೇಜಿನ ಮೇಲೆ ಇಡಿಸುತ್ತೇನೆ. ಬರುವ ಜೂನ್ ತಿಂಗಳಲ್ಲಿ ಶಾಲೆ ತೆರೆಯುವುದರೊಳಗೆ ನಿಮ್ಮ ಕಾಗದಗಳು ನನ್ನ ಕೈಸೇರಿದರೆ, ಹತ್ತನೆಯ ತರಗತಿಯ ಹುಡುಗಿಯರು ಮೊದಲ ವಾರದಿಂದಲೇ ಅವುಗಳನ್ನು ಓದುವುದಕ್ಕೆ ಅನುಕೂಲವಾಗುವುದು.